ಬೆಂಚು ನನ್ನದು, ವರ್ಗಾವಣೆ ಅಯ್ಯನವರದು

ನಮ್ಮ ದೇವಾಲಯದ, ಅಂದರೆ ಚರ್ಚಿನ, ಆರ್ಗನ್ನಿನ ಎಡಮೂಲೆಗೆ ಹಳೇ ಬಜಾಜ್ ಚೇತಕ್ ಸ್ಕೂಟರಿನ ಕನ್ನಡಿಯೊಂದನ್ನು ಸಿಕ್ಕಿಸಿದ್ದೇನೆ. ಹೊಸಬರು ಬಂದರೆ ನೋಡಿ ನಗುತ್ತಾರೆ. ಆದರೆ ಆರ್ಗನ್ ಇರುವುದು ವೇದಿಗೆ ಬೆನ್ನು ಹಾಕಿ. ನುಡಿಸುವವನಿಗೆ ಕಾಣುವುದು ಗೋಡೆ, ಮತ್ತೆ ಗೋಡೆಯ ಮೇಲಿನ ಹಲ್ಲಿ. ಅಯ್ಯನವರು, ಅಂದರೆ ಸಭಾಪಾಲಕರು, ಪ್ರಾರ್ಥನೆ ಮುಗಿಸಿ ತಲೆ ಎತ್ತಿದರೋ, ಕಾಣಿಕೆಯ ಚೀಲ ಮುಂದೆ ಬಂತೋ, ಮದುಮಗಳು ಬಾಗಿಲಲ್ಲಿ ಬಂದು ನಿಂತಳೋ, ಎಲ್ಲವೂ ಆ ಕನ್ನಡಿಯಲ್ಲೇ ತಿಳಿಯಬೇಕು. ನಲವತ್ತು ವರ್ಷಗಳಲ್ಲಿ ಎಂಟು ಮಂದಿ ಸಭಾಪಾಲಕರನ್ನು ನಾನು ಆ ಅಂಗೈಯಗಲದ ಗಾಜಿನಲ್ಲಿ ನೋಡಿದ್ದೇನೆ. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಆರ್ಗನ್ ನುಡಿಸುವವನಿಗೆ ವರ್ಗಾವಣೆಯೂ ಇಲ್ಲ, ಸಂಬಳವೂ ಇಲ್ಲ. ನಮ್ಮ ಸಭೆಯಲ್ಲಿ ಕ್ರಿಸ್ಮಸ್ಸಿಗೆ ಒಂದು ಶರ್ಟಿನ ಬಟ್ಟೆ ಕೊಡುತ್ತಾರೆ. ಹೊಲಿಸಿದ್ದು ಕಡಿಮೆ, ಪೆಟ್ಟಿಗೆಯಲ್ಲಿ ಇಟ್ಟದ್ದೇ ಹೆಚ್ಚು.

ಉಡುಪಿ ಕಡೆಯ ಸಣ್ಣ ಸಭೆ ನಮ್ಮದು. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದವನು, ಈಗ ನಿವೃತ್ತ. ಈ ಎಂಟು ಮಂದಿಯಲ್ಲಿ ಆರನೆಯವರ ಬಗ್ಗೆ, ಅವರ ಜೊತೆ ನಾನು ನುಡಿಸಿದ್ದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆದರೆ ಮೊದಲು ಆರ್ಗನ್ನಿನ ಕಥೆ ಹೇಳದಿದ್ದರೆ ಅವರ ಕಥೆ ಅರ್ಥವಾಗುವುದಿಲ್ಲ.

ನನ್ನ ಅಜ್ಜ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸಕ್ಕಿದ್ದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕ್ರೈಸ್ತರಾದವರಿಗೆ ಮನೆಯವರೂ ಊರವರೂ ಬಾಗಿಲು ಹಾಕಿದಾಗ ಹೊಟ್ಟೆಗೊಂದು ದಾರಿ ಬೇಕಿತ್ತು. ನೇಯ್ಗೆ, ಹಂಚು ಎಲ್ಲ ಹುಟ್ಟಿದ್ದು ಹಾಗೆ. ಅಜ್ಜ ಕೆಲಸಕ್ಕೆ ಸೇರುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು, ಜರ್ಮನ್ ದೊರೆಗಳು ಹೋಗಿ, ಕಾರ್ಖಾನೆ ಬೇರೆ ಕೈಗೆ ಬಂದಾಗಿತ್ತು. ಹೋಗುವಾಗ ಅವರು ಬಿಟ್ಟುಹೋದ ಸಾಮಾನುಗಳಲ್ಲಿ ನಮ್ಮ ಆರ್ಗನ್ ಒಂದು ಎಂದು ಅಜ್ಜ ಹೇಳುತ್ತಿದ್ದರು. ಒಳಗಿನ ಹಲಗೆಯ ಮೇಲೆ ಸ್ಟುಟ್‌ಗಾರ್ಟ್ ಎಂದು ಬರೆದಿರುವುದಂತೂ ನಿಜ. ಆ ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗಿನವರು, ಸ್ಟುಟ್‌ಗಾರ್ಟ್ ಅವರ ರಾಜಧಾನಿ. ತಮ್ಮೂರಿನ ಪೆಟ್ಟಿಗೆಯನ್ನೇ ಹಡಗಿನಲ್ಲಿ ತಂದಿರಬೇಕು.

ಸಿನೆಮಾದಲ್ಲಿ ಕಾಣುವ ದೊಡ್ಡ ಕೊಳವೆಗಳ ಆರ್ಗನ್ ಅಲ್ಲ ಇದು. ಹಾರ್ಮೋನಿಯಮ್ಮಿನ ದೊಡ್ಡಣ್ಣ ಅನ್ನಿ. ಬೆರಳಿನಲ್ಲಿ ಒತ್ತುವ 61 ಮನೆ, ಸ್ವರದ ಬಣ್ಣ ಬದಲಿಸುವ ಹನ್ನೊಂದು ಸ್ಟಾಪು, ಕೆಳಗೆ ಎರಡು ಪೆಡಲು, ಮೊಣಕಾಲಿನ ಪಕ್ಕ ಎರಡು ಹಲಗೆ. ಹಲಗೆಯನ್ನು ಮೊಣಕಾಲಿನಿಂದ ಹೊರಕ್ಕೆ ತಳ್ಳಿದರೆ ಸ್ವರ ದೊಡ್ಡದಾಗುತ್ತದೆ. ಕೈ ಹಾರ್ಮೋನಿಯಮ್ಮು ಗಾಳಿಯನ್ನು ರೀಡಿನ, ಅಂದರೆ ಅದುರಿ ಸ್ವರ ಕೊಡುವ ಹಿತ್ತಾಳೆಯ ನಾಲಗೆಯ, ಮೂಲಕ ಹೊರಕ್ಕೆ ತಳ್ಳುತ್ತದೆ, ನಮ್ಮದು ರೀಡಿನ ಮೂಲಕ ಒಳಕ್ಕೆ ಎಳೆಯುವ ಜಾತಿ. ಹಾಗಾಗಿ ಊರಿನ ಧೂಳೆಲ್ಲ ಒಳಕ್ಕೆ.

ನನಗೆ ಕಲಿಸಿದ್ದು ಮಿಷನ್ ಕಂಪೌಂಡಿನ ಟೀಚರಮ್ಮ. ಮೊದಲ ಮೂರು ತಿಂಗಳು ಅವರು ನನಗೆ ಒಂದು ಹಾಡನ್ನೂ ಕಲಿಸಲಿಲ್ಲ. ಒಂದೇ ಒಂದು ಮನೆಯನ್ನು ತಾವು ಬೆರಳಿನಲ್ಲಿ ಒತ್ತಿ ಹಿಡಿದು, "ತುಳಿ, ಸ್ವರ ಅಲ್ಲಾಡಬಾರದು" ಎನ್ನುತ್ತಿದ್ದರು. ಎಡಗಾಲಿನಿಂದ ಬಲಗಾಲಿಗೆ ಬರುವಾಗ ಸ್ವರ ಒಂದು ಕೂದಲಿನಷ್ಟು ಬಿಕ್ಕುತ್ತದೆ. ಆ ಬಿಕ್ಕು ಹೋಗಲಿಕ್ಕೆ ಮೂರು ತಿಂಗಳು. ನಮ್ಮಮ್ಮನ ಹೊಲಿಗೆ ಮೆಷಿನ್ ತುಳಿದು ಅಭ್ಯಾಸ ಇದೆಯೆಂದು ನಾನು ಬೀಗಿದ್ದೆ. ಮೆಷಿನ್ನಿಗೆ ಎರಡು ಕಾಲು ಒಟ್ಟಿಗೆ, ಇದಕ್ಕೆ ಒಂದಾದ ಮೇಲೆ ಒಂದು, ಅದೂ ಹಾಡಿನ ತಾಳಕ್ಕೆ ಸಂಬಂಧವೇ ಇಲ್ಲದೆ. ತಾಳಕ್ಕೆ ತಕ್ಕ ಹಾಗೆ ತುಳಿದರೆ ಹಾಡು ಕುಂಟುತ್ತದೆ. ಈಗ ಯಾರಾದರೂ ಕಲಿಯಲಿಕ್ಕೆ ಬಂದರೆ ನಾನೂ ಇದನ್ನೇ ಮಾಡಿಸುತ್ತೇನೆ. ಅರ್ಧದಷ್ಟು ಮಂದಿ ಎರಡನೇ ವಾರಕ್ಕೆ ಬರುವುದಿಲ್ಲ.

ಬೆರಳಿನ ಕೆಲಸ ಆಮೇಲೆ. ಪಿಯಾನೋದಲ್ಲಿ ಕೈ ಎತ್ತಿದರೂ ಸ್ವರವನ್ನು ಉಳಿಸಿಕೊಳ್ಳುವ ಪೆಡಲು ಉಂಟು. ಇಲ್ಲಿ ಬೆರಳು ಎತ್ತಿದರೆ ಸ್ವರ ಸತ್ತಿತು. ಅದಕ್ಕೆ ಒತ್ತಿದ ಮನೆಯನ್ನು ಬಿಡದೆಯೇ ಅದರ ಮೇಲೆ ಬೆರಳು ಬದಲಿಸಬೇಕು, ಮೂರನೆಯದನ್ನು ಸರಿಸಿ ಐದನೆಯದನ್ನು ಕೂರಿಸಬೇಕು. ನಮ್ಮ ಹಾಡುಗಳಲ್ಲಿ ನಾಲ್ಕು ಧ್ವನಿ ಒಟ್ಟಿಗೆ ಒತ್ತುವುದು, ಒಂದೇ ಸ್ವರ ಎರಡು ಸಲ ಬಂದರೆ ಮೇಲಿನ ಧ್ವನಿಯನ್ನು ಮಾತ್ರ ಬಿಟ್ಟು ಒತ್ತಬೇಕು, ಕೆಳಗಿನ ಮೂರನ್ನು ಅಂಟಿಸಿಯೇ ಇಡಬೇಕು. ನಾಲ್ಕನ್ನೂ ಎತ್ತಿ ಒತ್ತಿದರೆ ಅವಲಕ್ಕಿ ಕುಟ್ಟಿದ ಹಾಗೆ ಕೇಳುತ್ತದೆ.

ಸಭೆಯ ಜೊತೆ ನುಡಿಸುವುದು ಇನ್ನೊಂದೇ ವಿದ್ಯೆ. ಅದನ್ನು ಟೀಚರಮ್ಮನೂ ಕಲಿಸಲಿಲ್ಲ, ಪೆಟ್ಟು ತಿಂದೇ ಕಲಿತೆ. ನಮ್ಮಲ್ಲಿ ಹಳೇ ಕ್ರಮದಂತೆ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಕೊನೇ ಬೆಂಚಿನ ಸ್ವರ ನನ್ನ ಕಿವಿಗೆ ಬರುವಾಗ ತಡವಾಗಿರುತ್ತದೆ. ಅದನ್ನು ಕೇಳಿ ಅದಕ್ಕೆ ಕಾದರೆ ಅವರು ನನ್ನನ್ನು ಕಾಯುತ್ತಾರೆ, ನಾನು ಅವರನ್ನು ಕಾಯುತ್ತೇನೆ, ಮೂರನೇ ಚರಣಕ್ಕೆ ಹಾಡು ಎತ್ತಿನ ಗಾಡಿ. ಮೊದಲ ಎರಡು ವರ್ಷ ನನ್ನ ಹಾಡುಗಳೆಲ್ಲ ಹಾಗೆಯೇ ಇದ್ದವು. ಆಮೇಲೆ ಗೊತ್ತಾಯಿತು, ಸಭೆಯನ್ನು ಕೇಳಿ ನುಡಿಸಬಾರದು, ಸಭೆಯ ಉಸಿರನ್ನು ಲೆಕ್ಕ ಹಾಕಿ ನುಡಿಸಬೇಕು. ಎಪ್ಪತ್ತು ವರ್ಷದ ಅಜ್ಜಿಗೆ ಒಂದು ಸಾಲು ಒಂದು ಉಸಿರಿಗೆ ಮುಗಿಯಬೇಕು, ಅಷ್ಟು ವೇಗ. ಚರಣ ಮುಗಿದ ಮೇಲೆ ಎರಡೂ ಕೈ ಎತ್ತಿ ಒಂದು ಮಾತ್ರೆ ಸುಮ್ಮನಿರಬೇಕು. ಆ ಮೌನದಲ್ಲಿ ಇಡೀ ಸಭೆ ಉಸಿರು ಎಳೆದುಕೊಳ್ಳುವುದು ಬೆನ್ನಿಗೆ ಗೊತ್ತಾಗುತ್ತದೆ. ಮುನ್ನುಡಿಗೆ ಮೊದಲ ಸಾಲು, ಕೊನೇ ಸಾಲು ಸಾಕು. ಪೂರ್ತಿ ಹಾಡು ನುಡಿಸಿ ತೋರಿಸುವವರು ತಮ್ಮನ್ನೇ ತೋರಿಸಿಕೊಳ್ಳುವವರು.

ಗಣಿತದವನಾದ್ದರಿಂದ ಹಾಡುಗಳ ಲೆಕ್ಕ ನನಗೆ ಬೇಗ ಹಿಡಿಸಿತು. ಇಂಗ್ಲಿಷ್, ಜರ್ಮನ್ ಹಾಡುಗಳ ಪ್ರತಿ ಸಾಲಿಗೆ ಇಷ್ಟೇ ಅಕ್ಷರ ಎಂಬ ಕಟ್ಟು ಉಂಟು. 8.6.8.6 ಎಂದರೆ ಎಂಟು, ಆರು, ಎಂಟು, ಆರು. ಒಂದೇ ಕಟ್ಟಿನ ಹಾಡುಗಳ ರಾಗಗಳನ್ನು ಅದಲುಬದಲು ಮಾಡಬಹುದು. ಅಯ್ಯನವರು ಯಾರಿಗೂ ಗೊತ್ತಿಲ್ಲದ ಹಾಡಿನ ನಂಬರು ಕೂಗಿದರೆ ಅದೇ ಕಟ್ಟಿನ ಗೊತ್ತಿರುವ ರಾಗ ಹಚ್ಚಿ ನಾನು ಎಷ್ಟೋ ಸಲ ಮಾನ ಉಳಿಸಿಕೊಂಡಿದ್ದೇನೆ. ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ ಎಂದು ನನಗೆ ತಿಳಿಯಲಿಕ್ಕೆ ಮೂವತ್ತು ವರ್ಷ ಬೇಕಾಯಿತು. ಅದು ಮುಂದೆ.

ಮಳೆಗಾಲದ ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳು ಬಂತೆಂದರೆ ಮರ ಉಬ್ಬುತ್ತದೆ. ಒತ್ತಿದ ಮನೆ ಮೇಲೆ ಬರುವುದಿಲ್ಲ, ಅಯ್ಯನವರ ಪ್ರಸಂಗದ, ಅಂದರೆ ಉಪದೇಶದ, ಮಧ್ಯೆ ಒಂದು ಸ್ವರ ತಾನೇ ಗುಂಯ್ಗುಡುತ್ತಾ ಕೂರುತ್ತದೆ. ಉಪ್ಪುಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ರೀಡಿಗೆ ಕಿಲುಬು ಬರುತ್ತದೆ. ನಾನು ಕಂಡುಕೊಂಡ ಉಪಾಯ ನಲವತ್ತು ವ್ಯಾಟಿನ ಬಲ್ಬು. ಮೇ ಕೊನೆಯಿಂದ ಸೆಪ್ಟೆಂಬರಿನ ತನಕ ಆರ್ಗನ್ನಿನ ಹೊಟ್ಟೆಯೊಳಗೆ ಕೆಳಗಡೆ ಬಟ್ಟೆಗೆ ತಾಗದ ಹಾಗೆ ಒಂದು ಬಲ್ಬನ್ನು ರಾತ್ರಿ ಉರಿಸಿಡುತ್ತೇನೆ. ಹಳೇ ಬಲ್ಬೇ ಬೇಕು, ಎಲ್ಇಡಿಯಲ್ಲಿ ಬಿಸಿ ಎಲ್ಲಿಂದ ಬರಬೇಕು? ಸಭಾ ಸಮಿತಿಯಲ್ಲಿ ಕರೆಂಟು ಬಿಲ್ಲಿನ ಬಗ್ಗೆ ಪ್ರತಿ ವರ್ಷ ಒಬ್ಬರು ಎದ್ದು ನಿಲ್ಲುತ್ತಾರೆ. ನಾನು ಪ್ರತಿ ವರ್ಷ ಸುಮ್ಮನಿರುತ್ತೇನೆ.

ರೀಡು ಹೊರತೆಗೆಯಲು ಸೈಕಲಿನ ಕಡ್ಡಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡಿದ್ದೇನೆ. ಸ್ವರ ಬರದಿದ್ದರೆ ನೂರಕ್ಕೆ ತೊಂಬತ್ತು ಸಲ ನಾಲಗೆಯ ಅಡಿ ಧೂಳು ಕೂತಿರುತ್ತದೆ, ತೆಳು ಕಾಗದ ಹಾಯಿಸಿದರೆ ಸಾಕು. ಶ್ರುತಿ ಕೂಡಿಸುವುದಾದರೆ, ನಾಲಗೆಯ ತುದಿಯನ್ನು ಒಂದಿಷ್ಟೇ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೆರೆದದ್ದನ್ನು ವಾಪಸು ಅಂಟಿಸಲಿಕ್ಕಾಗುವುದಿಲ್ಲ. ನಾನೊಮ್ಮೆ ಉತ್ಸಾಹದಲ್ಲಿ ಒಂದು ಕರಿಮನೆಯ ರೀಡನ್ನು ಕೆರೆದು ಕೆರೆದು ಕಾಗದದಷ್ಟು ತೆಳ್ಳಗೆ ಮಾಡಿದೆ. ಎರಡು ವಾರಕ್ಕೆ ಅದು ಪಟ್ ಅಂತ ಮುರಿಯಿತು, ಅದೂ ಒಂದು ಮದುವೆಯಲ್ಲಿ. ಹಾರ್ಮೋನಿಯಂ ರಿಪೇರಿ ಮಾಡುವವರ ಗುಜರಿ ಡಬ್ಬಿಯಲ್ಲಿ ಹುಡುಕಿ, ಅರದಲ್ಲಿ ಉಜ್ಜಿ ಕೂರಿಸಿದೆ. ಇವತ್ತಿಗೂ ಆ ಒಂದು ಸ್ವರಕ್ಕೆ ಯಕ್ಷಗಾನದ ಶ್ರುತಿಪೆಟ್ಟಿಗೆಯ ಗಂಟಲು.

ಇಲಿ ತಿದಿ ತಿಂದದ್ದು ಆರನೇ ಅಯ್ಯನವರು ಬಂದ ವರ್ಷ, ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ.

ಅವರ ಮೊದಲ ಆದಿತ್ಯವಾರವೇ ನನಗೆ ತಲೆ ಕೆಟ್ಟಿತ್ತು. ನಾನು ಮುನ್ನುಡಿ ಮುಗಿಸುವ ಮೊದಲೇ ಅವರು ಮೈಕಿನಲ್ಲಿ ಹಾಡು ಎತ್ತಿದರು. ಬಿಳಿ ಮನೆಯಲ್ಲೂ ಇಲ್ಲದ, ಕರಿ ಮನೆಯಲ್ಲೂ ಇಲ್ಲದ ಶ್ರುತಿ. ಎರಡರ ನಡುವಿನ ಸಂದಿಯಲ್ಲಿ ಅವರು ಒಬ್ಬರೇ ನಿಂತು ಗಟ್ಟಿಯಾಗಿ ಹಾಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಬೆಂಚಿನ ಹತ್ತಿರ ಬಂದು, "ಮಾಸ್ಟ್ರೇ, ನನಗೆ ಸ್ವರ ಇಲ್ಲ. ದೇವರು ಕೊಡಲಿಲ್ಲ. ಆದರೆ ಕಿವಿ ಕೊಟ್ಟಿದ್ದಾರೆ" ಅಂದರು. ಏನು ಕಿವಿಯೋ ಎಂದುಕೊಂಡೆ. ಮರುಮಾತಿಗೆ ನನ್ನ ಹಮ್ಮು ಇಳಿಯಿತು. "ನೀವು ಇವತ್ತು ದೇವರಿಗೆ ಬಾಲ ಬೆಳೆಸಿದಿರಿ."

ನನಗೆ ಅರ್ಥವಾಗಲಿಲ್ಲ. ಅವರು ಪುಸ್ತಕ ಬಿಡಿಸಿ ತೋರಿಸಿದರು. ಸಾಲಿನಲ್ಲಿದ್ದ ಪದ "ಬಲ". ರಾಗದಲ್ಲಿ ಮೊದಲ ಅಕ್ಷರದ ಮೇಲೆ ಉದ್ದ ಸ್ವರ. ಹಾಡುವಾಗ ಅದು "ಬಾಲ". ಮೂವತ್ತು ವರ್ಷದಿಂದ ನಾವು ಕರ್ತನ ಬಾಲವನ್ನು ಕೊಂಡಾಡುತ್ತಿದ್ದೆವು, ಒಬ್ಬರಿಗೂ ಕೇಳಿಸಿರಲಿಲ್ಲ.

ನನ್ನ ಲೆಕ್ಕದ ತಪ್ಪು ಇದೇ. ಜರ್ಮನರ ಲೆಕ್ಕ ಅಕ್ಷರದ್ದು, ಕನ್ನಡಕ್ಕೆ ಅದರ ಮೇಲೆ ಮಾತ್ರೆ ಬೇಕು. ಎಂಟು ಅಕ್ಷರ ಎಣಿಸಿ ತುಂಬಿದರೆ ಸಾಲದು, ಲಘು ಯಾವುದು ಗುರು ಯಾವುದು ನೋಡಬೇಕು. ಕನ್ನಡದಲ್ಲಿ ಸ್ವರ ಎಳೆದರೆ ಅರ್ಥವೇ ಬೇರೆಯಾಗುತ್ತದಲ್ಲ. ಅರ್ಪಣೆಯ ಹಾಡಿನಲ್ಲಿ "ಮನ" "ಮಾನ"ವಾಗಿ ಇಡೀ ಸಭೆ ಮಾನವನ್ನು ಒಪ್ಪಿಸಿಬಿಡುತ್ತಿತ್ತು. ಶುಭ ಶುಕ್ರವಾರ "ಮರಣ" "ಮಾರಣ"ವಾಗಿ ಮಾಟದವರ ಹೋಮ ನೆನಪಾಗುತ್ತಿತ್ತು. ಅಯ್ಯನವರು ಕೊಡಗಿನ ಶಾಲೆಯಲ್ಲಿ ಒಬ್ಬ ಕನ್ನಡ ಪಂಡಿತರ ಕೈಯಲ್ಲಿ ಛಂದಸ್ಸು ಕಲಿತವರು, ಪ್ರಸ್ತಾರ ಹಾಕುವುದು ಬಾಯಿಪಾಠ. ಈ ತೊಂದರೆ ಬಾಸೆಲ್ ಮಿಷನಿನಲ್ಲೇ ಒಬ್ಬರಿಗೆ ಕಂಡಿತ್ತು ಎಂದು ಹೇಳಿದವರೂ ಅವರೇ. 1894ರ ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟ್ಟೆಲ್, ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಇಲ್ಲಿಯದೇ ಮಟ್ಟುಗಳಲ್ಲಿ ಹೇಳಿ "ಕಥಾಮಾಲೆ" ಬರೆದರು. ನಮ್ಮ ಸಭೆಯ ಕಪಾಟಿನಲ್ಲಿ ಅದರ ಪ್ರತಿ ಇರಲಿಲ್ಲ. ಇದ್ದಿದ್ದರೂ ಬಹುಶಃ ಇಲಿ ತಿನ್ನುತ್ತಿತ್ತು.

ಹಾಗೆ ಶುರುವಾದದ್ದು ನಮ್ಮ ಗುರುವಾರ. ಸಂಜೆ ಐದೂವರೆಗೆ ಅವರು ಬರುತ್ತಿದ್ದರು, ಅವರ ಹೆಂಡತಿ, ನಮ್ಮ ಅಮ್ಮನವರು, ಒಂದು ಫ್ಲಾಸ್ಕು ಚಾ ಕಳಿಸುತ್ತಿದ್ದರು. ಬರುವ ಆದಿತ್ಯವಾರದ ಪಾಠಗಳನ್ನು ಅವರು ಓದಿ ಹೇಳುವುದು, ನಾನು ಹಾಡುಗಳನ್ನು ಸೂಚಿಸುವುದು, ಆಮೇಲೆ ಒಂದೊಂದೇ ಸಾಲನ್ನು ಅವರು ಬೆರಳಿನಲ್ಲಿ ಮಾತ್ರೆ ಎಣಿಸುತ್ತ ಓದುವುದು, ನಾನು ನುಡಿಸುವುದು. ಲಘುವಿನ ಮೇಲೆ ಉದ್ದ ಸ್ವರ ಬಿದ್ದಲ್ಲಿ ಪೆನ್ಸಿಲಿನ ಗುರುತು. ಅದಕ್ಕೆ ನಾವು ಕಂಡುಕೊಂಡದ್ದು ಎರಡು ದಾರಿ. ಒಂದು, "ಬ"ವನ್ನು ಅರ್ಧ ಮಾತ್ರೆಗೆ ಮುಗಿಸಿ ಉಳಿದ ಉದ್ದವನ್ನು "ಲ"ಕ್ಕೆ ಕೊಡುವುದು. ಪದದ ಕೊನೆಯ ಅಕ್ಷರ ಎಷ್ಟು ಎಳೆದರೂ ಕನ್ನಡದ ಕಿವಿ ಸಹಿಸುತ್ತದೆ, ದಾಸರ ಪದಗಳಲ್ಲೂ ಹಾಗೇ ಅಲ್ಲವೇ. ಇನ್ನೊಂದು, ಅಲ್ಲಿ ನಾನು ಮೇಲಿನ ಸ್ವರವನ್ನು ಬೇಗ ಬಿಟ್ಟು ಕೆಳಗಿನ ಮೂರನ್ನು ಮಾತ್ರ ಹಿಡಿಯುವುದು. ಮೇಲಿನ ಧ್ವನಿ ನಿಂತರೆ ಸಭೆಯೂ ತಾನಾಗಿ ನಿಲ್ಲುತ್ತದೆ, ಯಾರಿಗೂ ಹೇಳಿಕೊಡಬೇಕಿಲ್ಲ. ಎರಡೂ ಆಗದ ಹಾಡುಗಳನ್ನು ಬಿಟ್ಟೆವು, ಅಥವಾ ಬೇರೆ ರಾಗಕ್ಕೆ ಕೂರಿಸಿದೆವು. ಐದು ವರ್ಷದಲ್ಲಿ ನೂರಕ್ಕೂ ಹೆಚ್ಚು ಹಾಡು ದಾಟಿದೆವು. ಆ ಪೆನ್ಸಿಲಿನ ಪುಸ್ತಕ ನನ್ನಲ್ಲಿದೆ.

ಇಲಿಯ ಕ್ರಿಸ್ಮಸ್ಸಿಗೆ ಬರುತ್ತೇನೆ. ತಿದಿಯ ಬಟ್ಟೆಯಲ್ಲಿ ಅಂಗೈಯಗಲದ ತೂತು. ರೆಕ್ಸಿನ್ ಹಾಕಿ ನೋಡಿದೆ, ಬಿರುಸು ಹೆಚ್ಚಾಗಿ ಮಡಚಲಿಲ್ಲ. ಕೊನೆಗೆ ಮೆತ್ತನೆಯ ತೆಳು ಚರ್ಮವನ್ನು ಸರೇಸು ಹಚ್ಚಿ ಕೂರಿಸಿದ್ದು ಜನವರಿಯಲ್ಲಿ. ಕ್ರಿಸ್ಮಸ್ ರಾತ್ರಿ ಕಾಲೇಜು ಹುಡುಗನೊಬ್ಬ ಗಿಟಾರು ಹಿಡಿದ. ಪ್ರಸಂಗದಲ್ಲಿ ಅಯ್ಯನವರು 1818ರ ಕ್ರಿಸ್ಮಸ್ ಹಿಂದಿನ ಸಂಜೆಯ ಕಥೆ ಹೇಳುತ್ತೇನೆಂದರು. ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ ಸಹಾಯಕ ಪಾದ್ರಿ ಯೋಸೆಫ್ ಮೋರ್ ತಾನು ಬರೆದ ಪದ್ಯವನ್ನು ಆರ್ಗನ್ ನುಡಿಸುವ ಫ್ರಾಂಟ್ಸ್ ಗ್ರೂಬರ್‌ಗೆ ಕೊಟ್ಟದ್ದು, ಗ್ರೂಬರ್ ಅಂದೇ ರಾಗ ಹಾಕಿದ್ದು, ಇಬ್ಬರೂ ಸೇರಿ ಗಿಟಾರಿಗೆ "ಸೈಲೆಂಟ್ ನೈಟ್" ಹಾಡಿದ್ದು. ಇಲಿ ಅಲ್ಲಿಯ ಆರ್ಗನ್ನಿನ ತಿದಿ ತಿಂದದ್ದರಿಂದ ಗಿಟಾರು ಹಿಡಿದರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗ್ರೂಬರ್ ತಾನೇ 1854ರಲ್ಲಿ ಬರೆದಿಟ್ಟ ವಿವರದಲ್ಲಿ ಇಲಿಯ ಸುದ್ದಿಯೇ ಇಲ್ಲ, ಅದನ್ನು ಆಮೇಲಿನವರು ಸೇರಿಸಿದ್ದು. "ಅಲ್ಲಿಯ ಇಲಿ ಸುಳ್ಳು, ನಮ್ಮದು ನಿಜ" ಎಂದು ಅಯ್ಯನವರು ಹೇಳಿದಾಗ ಸಭೆ ನಕ್ಕಿತು.

ಆ ಇಬ್ಬರ ಬಗ್ಗೆ ನಾನು ಆಮೇಲೆ ಓದಿದೆ. ಮೋರ್ ಮದುವೆಯಾಗದ ತಾಯಿಯ ಮಗ, ಬಡತನದಲ್ಲೇ ಬೆಳೆದವನು. ಗ್ರೂಬರ್ ನೇಕಾರನ ಮಗ, ಶಾಲಾ ಮಾಸ್ಟ್ರು. ಇಬ್ಬರೂ ಒಟ್ಟಿಗೆ ಆ ಊರಿನ ಚರ್ಚಿನಲ್ಲಿ ಕೆಲಸ ಮಾಡಿದ್ದು ಎರಡೇ ವರ್ಷ. 1819ರಲ್ಲಿ ಮೋರ್‌ಗೆ ವರ್ಗ, ಆಮೇಲೆ ಊರಿಂದೂರಿಗೆ. ಗ್ರೂಬರ್ ಮತ್ತೂ ಹತ್ತು ವರ್ಷ ಅಲ್ಲೇ ಆರ್ಗನ್ ಮುಂದೆ ಕೂತಿದ್ದ. ಬೆಂಚು ಅಲ್ಲಿಯೂ ಮಾಸ್ಟ್ರದ್ದೇ.

ಇನ್ನು ಹೇಳಲು ಸ್ವಲ್ಪ ಕಷ್ಟದ ಮಾತು.

ನಮ್ಮ ಕಡೆ ಉಜ್ಜೀವನ ಕೂಟಗಳಲ್ಲಿ ಸಾಕ್ಷಿ ಹೇಳುವ ಕ್ರಮ ಉಂಟು. ಎದ್ದು ನಿಂತು, ಇಂಥಾ ವರ್ಷ, ಇಂಥಾ ತಾರೀಖು, ಇಂಥಾ ಹೊತ್ತಿಗೆ ಕರ್ತನು ನನ್ನನ್ನು ಮುಟ್ಟಿದನು ಎನ್ನುತ್ತಾರೆ. ನನಗೆ ಅಂಥ ತಾರೀಖಿಲ್ಲ. ಹುಟ್ಟಿದಾಗ ದೀಕ್ಷಾಸ್ನಾನ ಮಾಡಿಸಿದರು, ಹದಿನಾರಕ್ಕೆ ಪ್ರಶ್ನೋತ್ತರ ಬಾಯಿಪಾಠ ಮಾಡಿ ದೃಢೀಕರಣವಾಯಿತು, ಇಪ್ಪತ್ತೊಂದಕ್ಕೆ ಬೆಂಚು ಹತ್ತಿದೆ. ಕಾದು ನೋಡಿದೆ, ಏನೂ ಮುಟ್ಟಲಿಲ್ಲ. ನಂಬಿಕೆ ಕಳೆದುಕೊಂಡೆ ಎಂದೂ ಹೇಳಲಾರೆ, ಕಳೆದುಕೊಳ್ಳಲಿಕ್ಕೆ ಕೈಯಲ್ಲಿತ್ತೋ ಇಲ್ಲವೋ ಗೊತ್ತಿಲ್ಲ. ಮಾಡಿದ್ದಿಷ್ಟೇ. ಕರ್ತನ ಭೋಜನದ ದಿನ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲು ಸಾಲಾಗಿ ಜನ ವೇದಿಗೆ ಹೋಗುವಾಗ ಮೆಲ್ಲಗೆ ನುಡಿಸುತ್ತಿರಬೇಕು. ಕೊನೆಯ ಸಾಲು ಎದ್ದು ಬಂದ ಮೇಲೆ ನಾನು ಹೋಗಬೇಕು. ನಾನು ಹೋಗುತ್ತಿರಲಿಲ್ಲ. ನುಡಿಸುತ್ತಲೇ ಇದ್ದು ಮುಂದಿನ ಹಾಡಿಗೆ ದಾಟಿಬಿಡುತ್ತಿದ್ದೆ. ಆರ್ಗನ್ ನುಡಿಸುವವನು ರೊಟ್ಟಿ ತಿಂದನೋ ಇಲ್ಲವೋ ಎಂದು ಯಾರು ನೋಡುತ್ತಾರೆ? ಹನ್ನೊಂದು ವರ್ಷ ಹಾಗೆ ಕಳೆಯಿತು. ನನ್ನ ಹೆಂಡತಿಗೂ ಗೊತ್ತಾಗಲಿಲ್ಲ.

ಈ ಆರನೇ ಅಯ್ಯನವರಿಗೆ ಬಂದ ಎರಡನೇ ತಿಂಗಳಿಗೇ ಗೊತ್ತಾಗಿತ್ತು. ನಾನು ಅವರನ್ನು ಕನ್ನಡಿಯಲ್ಲಿ ನೋಡುವಾಗ ಅವರೂ ನನ್ನನ್ನು ಅದೇ ಕನ್ನಡಿಯಲ್ಲಿ ನೋಡುತ್ತಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ. ಮಕ್ಕಳಿಗೆ ಬೆಳಕಿನ ಪ್ರತಿಫಲನ ಕಲಿಸಿದ ಮಾಸ್ಟ್ರು ನಾನು! ಎರಡು ವರ್ಷ ಅವರು ಏನೂ ಹೇಳಲಿಲ್ಲ. ಆಮೇಲೊಂದು ಆದಿತ್ಯವಾರ, ಭೋಜನದ ಹೊತ್ತಿಗೆ, ನಾನು ಕೈ ಇಡುವ ಮೊದಲೇ "ಈ ಸಲ ಆರ್ಗನ್ ಬೇಡ, ಬಾಯಲ್ಲೇ ಹಾಡುವ" ಎಂದು ಹೇಳಿ ತಾವೇ ಎತ್ತಿದರು. ಅದೇ ಸಂದಿಯ ಶ್ರುತಿ. ಮುಂದಿನ ಬೆಂಚಿನ ಅಜ್ಜಿಯಂದಿರು ಒಂದು ಕ್ಷಣ ತಡವರಿಸಿ, ಅವರನ್ನು ಬಿಟ್ಟು ತಮ್ಮ ಶ್ರುತಿ ಹಿಡಿದು, ಹಾಡನ್ನು ಎತ್ತಿಕೊಂಡು ಹೋದರು. ನನಗೆ ಮಾಡಲು ಕೆಲಸವಿರಲಿಲ್ಲ. ಕೈ ತೊಡೆಯ ಮೇಲೆ. ಇಷ್ಟು ವರ್ಷದಲ್ಲಿ ಆ ಬೆಂಚಿನ ಮೇಲೆ ಸುಮ್ಮನೆ ಕೂತದ್ದು ಅದೇ ಮೊದಲು. ನಾನು ಅವತ್ತೂ ಏಳಲಿಲ್ಲ. ಸಿಟ್ಟು ಬಂದಿತ್ತು ಎನ್ನಬೇಕು.

ಆ ಗುರುವಾರ ನಾನೇ ಜಗಳ ತೆಗೆದೆ. ತಾರೀಖಿಲ್ಲದ ಮಾತನ್ನೂ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಚಾ ಬಗ್ಗಿಸಿ, "ನನಗೆ ತಾರೀಖು ಉಂಟು ಮಾಸ್ಟ್ರೇ, ಅದೇ ನನ್ನ ಕಷ್ಟ" ಅಂದರು.

ಅವರ ಅಪ್ಪ ಅಮ್ಮ ಕಾಫಿ ತೋಟದ ಕೂಲಿಗಳು, ಹುಟ್ಟಿದ್ದು ಲೈನ್ ಮನೆಯಲ್ಲಿ. ಪಿಯುಸಿ ಅರ್ಧಕ್ಕೆ ಬಿಟ್ಟು ತೋಟದ ಜೀಪಿಗೆ ಡ್ರೈವರಾದರು. ಒಂದು ಜೂನಿನ ರಾತ್ರಿ ಸಂಪಾಜೆ ಘಾಟಿಯಲ್ಲಿ ಮಳೆಗೆ ಜೀಪು ಜಾರಿ ಕೆಳಗೆ ಹೋಯಿತು. ಪಕ್ಕದಲ್ಲಿದ್ದ ಗೆಳೆಯ ಸತ್ತ, ಇವರಿಗೆ ಕೈ ಮುರಿಯಿತು, ಅಷ್ಟೇ. ಆಸ್ಪತ್ರೆಯ ಮಂಚದಲ್ಲಿ ಮಾಡಿದ ಪ್ರಾರ್ಥನೆಯೇ ಅವರನ್ನು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ತಂದಿತು. ಬಾಸೆಲ್ ಮಿಷನಿನ ಮೋಗ್ಲಿಂಗ್ 1847ರಲ್ಲಿ ಶುರು ಮಾಡಿದ ಸೆಮಿನರಿಯ ಮುಂದುವರಿಕೆ ಅದು. ಸಾಕ್ಷಿ ಹೇಳಲು ಎಲ್ಲ ಕಡೆಯಿಂದ ಕರೆ ಬರುತ್ತಿತ್ತಂತೆ. ಹೇಳಿದರು, ಜನ ಅತ್ತರು, ಮತ್ತೆ ಕರೆದರು. ಹೇಳಿದಷ್ಟೂ ಕಥೆಗೆ ಹೊಳಪು ಬಂತು, ಮಳೆ ಜೋರಾಯಿತು, ಘಾಟಿ ಆಳವಾಯಿತು. ಒಂದು ಕೂಟದಲ್ಲಿ, ಸಾಯುವಾಗ ಗೆಳೆಯ ಆಡಿದ ಕೊನೆಯ ಮಾತನ್ನು ಅವರು ಹೇಳುತ್ತಿದ್ದರು. ಹೇಳುವಾಗಲೇ ಗೊತ್ತಾಯಿತಂತೆ, ಆ ಗೆಳೆಯ ಏನೂ ಹೇಳಿರಲಿಲ್ಲ. ಜೀಪು ನಿಲ್ಲುವ ಮೊದಲೇ ಅವನ ಜೀವ ಹೋಗಿತ್ತು. "ಯಾವ ವರ್ಷ ಆ ಮಾತು ಸೇರಿತು ಅಂತ ನನಗೇ ಗೊತ್ತಿಲ್ಲ. ಸತ್ತವನ ಬಾಯಿಗೆ ಮಾತು ಹಾಕಿ ನಾನು ಚಪ್ಪಾಳೆ ತಗೊಂಡೆ." ಅಲ್ಲಿಂದ ಅವರು ಸಾಕ್ಷಿ ಹೇಳುವುದನ್ನು ಬಿಟ್ಟರು. ಪ್ರಸಂಗದಲ್ಲಿ ತಮ್ಮ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅಯ್ಯನವರ ಪ್ರಸಂಗ ಒಣ ಎಂದು ಸಭೆಯಲ್ಲಿ ದೂರಿತ್ತು, ನಾನೂ ಆ ದೂರಿನಲ್ಲಿ ಸೇರಿದ್ದೆ.

ಆ ಸಂಜೆ ನಾವು ಹಾಡಿನ ಪಟ್ಟಿ ಮಾಡಲಿಲ್ಲ. ಅವರು ಒಂದು ರಾಗ ಕೇಳಿದರು, ನುಡಿಸಿದೆ. ಇನ್ನೊಮ್ಮೆ ಅಂದರು, ನುಡಿಸಿದೆ. ಕತ್ತಲಾಯಿತು, ಹೊರಟರು.

ಅದಾಗಿ ಮೂರನೇ ತಿಂಗಳೋ ನಾಲ್ಕನೇ ತಿಂಗಳೋ, ಒಂದು ಭೋಜನದ ದಿನ, ಕೊನೆಯ ಸಾಲು ಎದ್ದು ಬಂದ ಮೇಲೆ ನಾನು ನುಡಿಸುವುದು ನಿಲ್ಲಿಸಿ ಎದ್ದುಹೋದೆ. ಆರ್ಗನ್ನಿನಲ್ಲಿ ಉಳಿದ ಗಾಳಿ ನನ್ನ ಬೆನ್ನ ಹಿಂದೆ ಉಸ್ಸೆಂದದ್ದು ಕೇಳಿತು. ಯಾಕೆ ಅವತ್ತೇ ಎಂದರೆ ಉತ್ತರವಿಲ್ಲ. ತಾರೀಖನ್ನು ಬೇಕೆಂದೇ ಬರೆದಿಟ್ಟುಕೊಳ್ಳಲಿಲ್ಲ.

ಶವಸಂಸ್ಕಾರಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ನುಡಿಸುವ ಹೊಸಬರಿಗೆ ಉಪಯೋಗವಾದೀತು. ಸಾವಿನ ಮನೆಯಲ್ಲಿ ಹಾಡು ನಿಧಾನವಾಗಿರಬೇಕು ಎಂದು ಎಲ್ಲರೂ ತಿಳಿದಿದ್ದಾರೆ. ತಪ್ಪು. ಅಳುವವರಿಗೆ ಉಸಿರು ಗಿಡ್ಡ. ನಿಧಾನ ಮಾಡಿದರೆ ಸಾಲಿನ ಮಧ್ಯದಲ್ಲೇ ಮುರಿದು ಹಾಡು ನಿಂತುಹೋಗುತ್ತದೆ. ಶ್ರುತಿಯನ್ನು ಎರಡು ಮನೆ ಇಳಿಸಿ, ವೇಗವನ್ನು ಒಂದು ಚೂರು ಹೆಚ್ಚಿಸಬೇಕು. ಸಮಾಧಿಯ ಹತ್ತಿರ ಆರ್ಗನ್ ಒಯ್ಯಲಾಗುವುದಿಲ್ಲ, ಕೈ ಹಾರ್ಮೋನಿಯಂ. ವೇಗದ ಈ ಗುಟ್ಟನ್ನು ನನಗೆ ಹೇಳಿದ್ದು ಅಯ್ಯನವರೇ, ಗುಂಡಿಯ ಪಕ್ಕ ನಿಂತು ಕುಟುಂಬದವರ ಮುಖ ನೋಡುವವರು ಅವರಲ್ಲವೇ. ಬೆಳೆ ಹಬ್ಬಕ್ಕೆ ನಾವು ಹಾಡುವ ಒಂದು ಹಳೇ ಜರ್ಮನ್ ಸ್ತೋತ್ರ ಉಂಟು, ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯದು. ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ, 1637ರ ಪ್ಲೇಗಿನಲ್ಲಿ, ಆತ ಐಲನ್‌ಬರ್ಗ್ ಊರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಣ್ಣು ಮಾಡಿದ, ತನ್ನ ಹೆಂಡತಿಯನ್ನೂ. ಅದು ತಿಳಿದ ಮೇಲೆ ಕುಂಬಳಕಾಯಿ, ಬಾಳೆಗೊನೆ, ಊರಿನ ಕೋಳಿಗಳ ಏಲಂ ನಡುವೆ ಅದನ್ನು ನುಡಿಸುವಾಗ ಮೊಣಕಾಲಿನ ಹಲಗೆಯನ್ನು ನಾನು ಪೂರ್ತಿ ತೆರೆಯುವುದಿಲ್ಲ.

ಐದು ವರ್ಷಕ್ಕೆ ವರ್ಗಾವಣೆಯ ಪಟ್ಟಿ ಬಂತು. ಬೀಳ್ಕೊಡುಗೆಯ ಆರಾಧನೆಯಲ್ಲಿ ಅವರು ಅಳಲಿಲ್ಲ, ನಾನೂ ಅಳಲಿಲ್ಲ, ಸಮಿತಿಯ ಕರೆಂಟು ಬಿಲ್ಲಿನವರು ಅತ್ತರು. ಸಾಮಾನು ಹೇರಿದ ಟೆಂಪೋ ಹೊರಡುವ ಮೊದಲು ಅವರು ಒಳಗೆ ಬಂದು ಆ ಕನ್ನಡಿಯನ್ನು ಒಂದಿಷ್ಟು ತಿರುಗಿಸಿ ನೋಡಿದರು. ನಾನು ಅದನ್ನು ಮತ್ತೆ ಸರಿ ಮಾಡಲಿಕ್ಕೆ ಅರ್ಧ ಗಂಟೆ ಹಿಡಿಯಿತು.

ಅವರ ನಂತರ ಬಂದವರಿಗೆ ಒಳ್ಳೇ ಶಾರೀರ. ಈಗಿನವರು ಕೀಬೋರ್ಡು ತರಿಸಿದ್ದಾರೆ, ಗುಂಡಿ ಒತ್ತಿದರೆ ಡ್ರಮ್ಮೂ ಬರುತ್ತದೆ. ತಿಂಗಳಿಗೆ ಎರಡು ಆದಿತ್ಯವಾರ ಆರ್ಗನ್, ಎರಡು ಆದಿತ್ಯವಾರ ಕೀಬೋರ್ಡು ಎಂದು ಸಮಿತಿಯಲ್ಲಿ ಗೊತ್ತು ಮಾಡಿದ್ದಾರೆ. ನನಗೆ ಬೇಸರವಿಲ್ಲ ಎಂದರೆ ಸುಳ್ಳು, ಆದರೆ ಮಂಡಿ ನೋವಿಗೆ ಅದೇ ಒಳ್ಳೆಯದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಲಿಯಲಿಕ್ಕೆ ಬರುತ್ತಾಳೆ. ತುಳಿಯುವ ಮೂರು ತಿಂಗಳು ದಾಟಿದ್ದಾಳೆ. ಮೊನ್ನೆ ಪೆನ್ಸಿಲಿನ ಪುಸ್ತಕ ಅವಳ ಕೈಗೆ ಕೊಟ್ಟೆ.

ಅಯ್ಯನವರು ಈಗಲೂ ಗುರುವಾರ ಸಂಜೆ ಫೋನ್ ಮಾಡುತ್ತಾರೆ, ಎಲ್ಲ ಗುರುವಾರ ಅಲ್ಲ. ಕಳೆದ ವಾರ ಫೋನ್ ಎತ್ತಿದ ಕೂಡಲೇ ಕ್ಷೇಮ ಸಮಾಚಾರವೂ ಇಲ್ಲ.

"ಮಾಸ್ಟ್ರೇ, ಇಲ್ಲಿಯೂ ಬಾಲ ಬೆಳೆದಿದೆ. ಆ ಅರ್ಧ ಮಾತ್ರೆಯದ್ದು ಹೇಗೆ ಹಿಡಿಯುವುದು ಅಂತ ಈ ಹುಡುಗನಿಗೆ ಸ್ವಲ್ಪ ಹೇಳಿ, ಫೋನ್ ಅವನಿಗೆ ಕೊಡ್ತೇನೆ. ನಾನು ಹಾಡಿ ತೋರಿಸಿದೆ, ಅವನಿಗೆ ಅರ್ಥ ಆಗ್ಲಿಲ್ಲ."